ಏರಿನಲ್ಲಿ ಇಳಿಯುವ ಭಾರ

ತಿಥಿ ಮುಗಿದು ನೆಂಟರೆಲ್ಲ ಹೋದ ಮರುದಿನ ಬೆಳಿಗ್ಗೆ, ನನ್ನ ಗಂಡ ಮನೋಹರ್ ಕಲ್ಯದ ಚಲುವಯ್ಯನವರಿಂದ ಕೇಳಿ ತಂದಿದ್ದ ಸೈಕಲ್ಲನ್ನು ವಾಪಸು ಕೊಡಲು ಹೊರಟೆ.

"ಗಂಡ ಸತ್ತೋಳು ಸೈಕಲ್ ತುಳ್ಕೊಂಡೋದ್ರೆ ನೋಡ್ದೋರು ಏನಂದಾರು? ನಿನ್ ಮೈದುನ ಕೊಟ್ಬತ್ತಾನೆ ಬುಡವ್ವ," ಎಂದರು ಅತ್ತೆ.

"ನೋಡ್ಲಿ ಅತ್ತೆ, ಚೆನ್ನಾಗಿ ನೋಡ್ಲಿ."

ಫ್ಯಾಕ್ಟರಿಗಳು ಎದ್ದ ಮೇಲೆ ಲಾರಿಗಳೆಲ್ಲ ಹೊಸ ರಸ್ತೆ ಹಿಡಿದಿದ್ದವು. ಹಳೇ ರಸ್ತೆಯಲ್ಲಿ ನರಪಿಳ್ಳೆಯೂ ಇರಲಿಲ್ಲ. ಕೆಂಪಾಪುರದಲ್ಲಿ ಕೆಂಪೇಗೌಡರ ಸಮಾಧಿ ದಾಟುತ್ತಲೇ ಯಾರೋ ಹಾರಿ ಕೂತಂತೆ ಕ್ಯಾರಿಯರ್ ಕಿರ್ ಎಂದಿತು. ಪೆಡಲ್ ಭಾರವಾಯಿತು. ತಿರುಗಿ ನೋಡಿದರೆ ಯಾರೂ ಇಲ್ಲ. ಏರು ಬಂದಾಗ ಭಾರ ತಾನಾಗಿ ಇಳಿಯಿತು. ದಿಣ್ಣೆ ಹತ್ತಿದ ಮೇಲೆ ಮತ್ತೆ ಕಿರ್ ಎಂದಿತು.

ಇಬ್ಬರು ಹೋಗುವಾಗ ಹಿಂದೆ ಕೂತವರು ಏರಿನಲ್ಲಿ ಇಳಿದು ನಡೆಯುವುದು ನಮ್ಮ ಕಡೆಯ ವಾಡಿಕೆ. ನಾನು ತುಳಿಯುವಾಗ ಮನೋಹರ್ ಸಣ್ಣ ದಿಬ್ಬಕ್ಕೂ ಇಳಿದುಬಿಡುತ್ತಿದ್ದರು, "ಪಾಪ, ನಿನ್ ಕೈಲಾಗಲ್ಲ ಕಣೇ" ಎಂದು ನಗುತ್ತ.

ಕಲ್ಯದ ದೊಡ್ಡ ಏರು ಎದುರಾಯಿತು. ಬೆನ್ನಿಗೆ ಬೆಚ್ಚನೆಯ ಉಸಿರು ತಾಗಿತು.

"ಇಳೀಬೇಡಿ ರೀ," ಎಂದೆ ಗಟ್ಟಿಯಾಗಿ. "ಕೂತಿರಿ. ನನ್ನ ಕೈಲಾಗುತ್ತೆ."

ಭಾರ ಇಳಿಯಲಿಲ್ಲ. ಎದೆ ಒಡೆಯುವಂತೆ ತುಳಿದೆ. ನೆಲಕ್ಕೆ ಕಾಲೂರದೆ ಏರು ಹತ್ತಿದೆ.

ಚಲುವಯ್ಯನವರು ಸೈಕಲ್ ಹಿಡಿದುಕೊಂಡು ಕ್ಯಾರಿಯರ್ ಮೇಲೆ ಕೈಯಿಟ್ಟವರು ತಟ್ಟನೆ ಎತ್ತಿಕೊಂಡರು.

"ಯಾರ್ನ ಕೂರಿಸ್ಕೊಂಡ್ ಬಂದೆ ತಾಯಿ? ಕಬ್ಬಿಣ ಇನ್ನೂ ಬಿಸಿ ಐತೆ."

ಆ ದಿನ ಬೆಳಗಿನಿಂದ ಬಿಸಿಲೇ ಬಂದಿರಲಿಲ್ಲ.