ಮುತ್ತಜ್ಜಿಯ ಏಳು ಅಂಗಿಗಳು

ಮೊದಲೇ ಕ್ಷಮೆ ಕೇಳಿಬಿಡುತ್ತೇನೆ. ಪ್ರೇಮ ಕಥೆ ಎಂದರೆ ಬೆಳದಿಂಗಳು, ಕಣ್ಣೋಟ ಎಂದೆಲ್ಲ ಓದುವವರು ಕಾದಿರುತ್ತಾರೆ. ನನ್ನ ಹತ್ತಿರ ಇರುವುದು ಕೂದಲು ಉದುರಿದ ಒಂದು ಮುದಿ ಬೆಕ್ಕಿನ ಹೊಟ್ಟೆ. ಇದನ್ನು ಸರಿಯಾಗಿ ಹೇಳಲು ನನಗೆ ಬರುತ್ತದೋ ಇಲ್ಲವೋ... ಆದರೂ ಹೇಳದೆ ಇರಲಾಗುತ್ತಿಲ್ಲ. ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

"ನನ್ನ ಬೆಕ್ಕಿನ ಅಂಗಿ ಬಿಚ್ಚಿದ್ದು ನೀವೇನಾ?"

ಬೆಕ್ಕಿನ ಜಾಡು ಹಿಡಿದು ಬಂದು, ಬಾಗಿಲು ತಟ್ಟದೆ ಒಳನುಗ್ಗಿದವಳು ಟೈಲರಮ್ಮ. ವಯಸ್ಸು ಮೂವತ್ತಮೂರು. ಕೊರಳಲ್ಲಿ ಅಳತೆಯ ಟೇಪು, ಕೈಯಲ್ಲೊಂದು ಚೀಟಿ, ಮೂಗಿನ ತುದಿಯಲ್ಲಿ ಕೋಪ.

ಪುಸ್ತಕಗಳ ರಾಶಿಯ ನಡುವೆ ನೆಲದ ಮೇಲೆ ಕೂತು ಹಾಳೆಗಳನ್ನು ಹೊಲಿಯುತ್ತಿದ್ದ ಬೈಂಡರ್ ತಲೆಯೆತ್ತಿದ. ಅವನ ತೊಡೆಯ ಮೇಲೆ ಮುತ್ತಜ್ಜಿ! ಹನ್ನೆರಡು ವರ್ಷದ ಬೂದು ಬೆಕ್ಕು, ಬೋಳು ಹೊಟ್ಟೆಯನ್ನು ಮೇಲೆ ಮಾಡಿಕೊಂಡು, ತವರುಮನೆಗೆ ಬಂದವಳ ಹಾಗೆ ಮಲಗಿತ್ತು.

"ಇದು... ನಿಮ್ಮ ಬೆಕ್ಕಾ?" ಅವನು ತಡವರಿಸಿದ. "ನಾನು ಬೀದಿ ಬೆಕ್ಕು ಅಂದ್ಕೊಂಡಿದ್ದೆ. ಯಾರೋ ಪಾಪಿಗಳು ಬಟ್ಟೇಲಿ ಬಿಗಿದು ಕಟ್ಟಿದ್ದಾರೆ ಅಂತ..."

"ಅನ್ಕೊಂಡಿದ್ದು ಮಾತ್ರ ಅಲ್ಲ, ಬರೆದೂ ಇದ್ದೀರಿ!" ಅವಳು ಚೀಟಿ ಬಿಚ್ಚಿ ಓದಿದಳು. "'ಈ ವಯಸ್ಸಾದ ಜೀವವನ್ನು ಹೀಗೆ ಕಟ್ಟಿಹಾಕಿದವರೇ, ನಿಮಗೆ ಕರುಳಿಲ್ಲವೇ?' ಇದನ್ನ ಕುತ್ತಿಗೆಗೆ ನೇತುಹಾಕಿ ಕಳಿಸಿದ್ದೀರಲ್ಲ! ಅದು ನಾನು ಕಣ್ಣು ನೋಯಿಸ್ಕೊಂಡು ಹೊಲಿದ ಅಂಗಿ ಸ್ವಾಮಿ. ನೆಕ್ಕಿ ನೆಕ್ಕಿ ಹೊಟ್ಟೆ ಕೂದಲೆಲ್ಲ ಹೋಗ್ತಿದೆ, ಇನ್ನಾದ್ರೂ ನೆಕ್ಕದೆ ಇರ್ಲಿ ಅಂತ..."

ಬೈಯಲು ಬಂದವಳು ಬೆಕ್ಕಿನ ಬೋಳು ಹೊಟ್ಟೆಯತ್ತ ಬೆರಳು ತೋರಿಸಿದಳು.

ಅವನು ಬೆಕ್ಕನ್ನು ಮೆಲ್ಲಗೆ ಕೆಳಗಿಳಿಸಿ, ಎದ್ದು ಕಪಾಟು ತೆರೆದ. ಎರಡು ರಟ್ಟುಗಳ ನಡುವೆ, ಹೊಸ ಪುಸ್ತಕದ ಹಾಳೆಗಳಂತೆ ಒಪ್ಪವಾಗಿ ಮಡಚಿದ ಏಳು ಪುಟ್ಟ ಅಂಗಿಗಳು.

"ಏಳೂ ಇವೆ. ಬಿಸಾಕೋಕೆ ಮನಸ್ಸು ಬರ್ಲಿಲ್ಲ. ನಾನೂ ಸೂಜಿ ಹಿಡಿದೇ ಬದುಕೋನು. ಇಷ್ಟು ಕಟುಕ ಮನಸ್ಸಿಗೆ ಇಷ್ಟು ಒಳ್ಳೆ ಕೈ ಯಾಕೆ ಕೊಟ್ಟ ದೇವ್ರು ಅಂತ ಯೋಚಿಸ್ತಿದ್ದೆ."

'ಬೈದನೋ, ಹೊಗಳಿದನೋ?' ಟೈಲರಮ್ಮನಿಗೆ ತಿಳಿಯಲಿಲ್ಲ. ಕಿವಿ ಮಾತ್ರ ಬಿಸಿಯಾಯಿತು.

"ಇದಕ್ಕೆ ತಿನ್ನೋಕೇನು ಕೊಡ್ತೀರಿ?" ದನಿ ಗಟ್ಟಿ ಮಾಡಿಕೊಂಡು ಕೇಳಿದಳು.

"ಮಧ್ಯಾಹ್ನ ಒಂಚೂರು ಮೀನು. ಸಂಜೆ ಒಂಚೂರು ಮೀನು. ಮೇಡಂ ಬೇರೆ ಏನೂ ಮುಟ್ಟಲ್ಲ."

"ಮೇಡಮ್ಮಾ?"

"ನಾನಿಟ್ಟ ಹೆಸರು. ನಡಿಗೆ ನೋಡಿ ಇಟ್ಟೆ."

ನಗಬಾರದೆಂದು ಅವಳು ತುಟಿ ಕಚ್ಚಿದಳು. ಆದರೂ ನಗು ಬಂದೇಬಿಟ್ಟಿತು!

ಮರುದಿನ ಇಬ್ಬರೂ ಬೆಕ್ಕನ್ನು ಬುಟ್ಟಿಯಲ್ಲಿಟ್ಟುಕೊಂಡು ಡಾಕ್ಟರಮ್ಮನ ಹತ್ತಿರ ಹೋದರು. ಆಕೆ ಬಾಚಣಿಗೆಯಿಂದ ಬಾಚಿ ನೋಡಿದರು. ಚಿಗಟ ಕಾಣಿಸಲಿಲ್ಲ.

"ಯಾವುದೋ ಆಹಾರ ಒಗ್ತಿಲ್ಲ ಅನ್ಸುತ್ತೆ. ಮೀನಿನ ಮೇಲೆ ನನಗೆ ಅನುಮಾನ. ಎಂಟು ವಾರ ನಾನು ಕೊಡೋ ಈ ಪ್ಯಾಕೆಟ್ ಆಹಾರ, ನೀರು. ಬೇರೆ ಒಂದು ಚೂರೂ ಬಾಯಿಗೆ ಹೋಗಬಾರ್ದು. ಇದರಲ್ಲಿ ಗುಣ ಆಗದಿದ್ರೆ ದಿನಾ ಗಟ್ಟಿ ಔಷಧಿ ಶುರು ಮಾಡ್ಬೇಕಾಗುತ್ತೆ. ಈ ವಯಸ್ಸಿಗೆ ಅದು ಒಳ್ಳೇದಲ್ಲ." ಕನ್ನಡಕದ ಮೇಲಿಂದ ಇಬ್ಬರನ್ನೂ ನೋಡಿದರು. "ಎರಡು ಮನೆ ಊಟ ಬಂದ್. ನೀವಿಬ್ರೂ ಒಂದೇ ಮನೇನಾ?"

"ಇಲ್ಲ!" ಇಬ್ಬರೂ ಒಟ್ಟಿಗೆ ಕೂಗಿದರು.

ಡಾಕ್ಟರಮ್ಮನ ಮಾತಿನಂತೆ ಬೈಂಡರ್ ಬಾಗಿಲು ಹಾಕಿಕೊಂಡ. ಬೆಕ್ಕು ಆ ಬಾಗಿಲ ಮುಂದೆ ಕೂತು ಬೀದಿಗೆಲ್ಲ ಕೇಳುವಂತೆ ಅತ್ತಿತು. ಮೂರನೆಯ ದಿನ ಟೈಲರಮ್ಮನೇ ಸೋತು, "ಸಂಜೆ ನೀವೇ ಬಂದು ನೋಡ್ಕೊಂಡು ಹೋಗಿ" ಎಂದಳು.

ಅಂದಿನಿಂದ ದಿನವೂ ಸಂಜೆ ಅವನು ಹೊಲಿಯುವ ಹಾಳೆಗಳ ಕಟ್ಟನ್ನು ಕಂಕುಳಲ್ಲಿ ಇಟ್ಟುಕೊಂಡು ಬರುತ್ತಿದ್ದ. ಹೊಸ್ತಿಲಲ್ಲಿ ನಿಂತು ಎರಡೂ ಅಂಗೈ ತೋರಿಸುತ್ತಿದ್ದ. "ನೋಡ್ಕೊಳ್ಳಿ, ಮೀನಿಲ್ಲ." ಅವಳು ಮಷೀನು ತುಳಿಯುತ್ತಿದ್ದಳು, ಅವನು ಹಾಳೆ ಹೊಲಿಯುತ್ತಿದ್ದ, ಇಬ್ಬರ ನಡುವೆ ಮುತ್ತಜ್ಜಿ ಗೊರಕೆ ಹೊಡೆಯುತ್ತಿತ್ತು.

ಭಾನುವಾರಕ್ಕೊಮ್ಮೆ ಟೇಪು ಹಿಡಿದು ಬೋಳು ಜಾಗ ಅಳೆದು, ಸಿಕ್ಕಿದ ಚೀಟಿಯಲ್ಲಿ ಬರೆದಿಡುತ್ತಿದ್ದಳು. ಜೊತೆಯಲ್ಲಿದ್ದ ಸೋದರತ್ತೆ ತರಕಾರಿ ಹೆಚ್ಚುತ್ತಾ ಗೊಣಗುತ್ತಿದ್ದರು. "ಗಂಡಿನ ಕೋಟಿಗೆ ಅಳತೆ ತೆಗೀಬೇಕಾದ ವಯಸ್ಸಲ್ಲಿ ಬೆಕ್ಕಿನ ಹೊಟ್ಟೆಗೆ ಅಳತೆ ತೆಗೀತಾಳೆ!"

"ಅತ್ತೇ, ಸುಮ್ನಿರಿ!"

ಬೈಂಡರ್ ತಲೆ ತಗ್ಗಿಸಿದ. ಸೂಜಿ ಬೆರಳಿಗೆ ಚುಚ್ಚಿಕೊಂಡಿತು. ಅದನ್ನು ಅವಳು ನೋಡಿದಳು... ನೋಡದವಳಂತೆ ನಟಿಸಿದಳು.

ಆರನೆಯ ಭಾನುವಾರ. ಟೇಪು ನೋಡಿದವಳು ಮತ್ತೊಮ್ಮೆ ಅಳೆದಳು. ನಾಲ್ಕೂವರೆ ಇಂಚು ಇದ್ದದ್ದು ಐದಾಗಿತ್ತು!

'ನಾನಂತೂ ಒಂದು ದಿನವೂ ತಪ್ಪಿಲ್ಲ. ಹಾಗಾದರೆ...'

ಸಂಜೆ ಅವನು ಅಂಗೈ ತೋರಿಸಿ ಒಳಗೆ ಬಂದ ಕೂಡಲೇ ಕೇಳಿಬಿಟ್ಟಳು. "ಕದ್ದು ಮೀನು ಹಾಕ್ತಿದ್ದೀರಾ?"

"ಇಲ್ಲ."

"ಮತ್ತೆ ಯಾರು ಹಾಕಿದ್ದು, ನಾನಾ? ಅದು ಅತ್ರೆ ನಿಮ್ಮ ಕೈಲಿ ತಡ್ಕೊಳ್ಳೋಕಾಗಲ್ಲ, ನಂಗೊತ್ತು! ಆ ಗಟ್ಟಿ ಔಷಧಿ ಶುರುವಾಗಿ ಅದಕ್ಕೇನಾದ್ರೂ ಆದ್ರೆ..."

ಅವನು ಆಗಷ್ಟೇ ಬಿಚ್ಚಿದ ಕಟ್ಟನ್ನು ಮತ್ತೆ ಕಟ್ಟಿದ. "ಇವತ್ತೂ ಕೈ ತೋರಿಸೇ ಒಳಗೆ ಬಂದೆ" ಎಂದಷ್ಟೇ ಹೇಳಿ ಹೊರಟುಹೋದ.

ಮರುದಿನ ಬೆಳಿಗ್ಗೆ ಬೆಕ್ಕಿನ ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು ಅವಳೊಬ್ಬಳೇ ಡಾಕ್ಟರಮ್ಮನ ಮುಂದೆ ಕೂತಿದ್ದಳು. ಎಲ್ಲವನ್ನೂ ಕೇಳಿಸಿಕೊಂಡ ಮೇಲೆ ಆಕೆ ಹಳೆಯ ಕಾರ್ಡು ತಿರುವಿದರು.

"ಕೀಲುನೋವಿಗೆ ಅಂತ ಹಿಂದೆ ಮಾತ್ರೆ ಬರ್ಕೊಟ್ಟಿದ್ದೆ. ಅದನ್ನ ಕೊಡ್ತಿದ್ದೀರಾ?"

"ಅಯ್ಯೋ, ಒಂದು ದಿನಾನೂ ತಪ್ಪಿಸಿಲ್ಲ ಡಾಕ್ಟ್ರೇ!"

"ಹೇಗೆ ಕೊಡ್ತೀರಿ?"

"ಬರೀ ಮಾತ್ರೆ ಉಗುಳುತ್ತೆ. ಅದಕ್ಕೆ ಮೀನಿನ ಚೂರಲ್ಲಿ ಸುತ್ತಿ..."

ಡಾಕ್ಟರಮ್ಮ ಕಾರ್ಡಿನಿಂದ ತಲೆಯೆತ್ತಿದರು.

"ಅದು... ಮಾತ್ರೆಗೆ ಅಂತ ತಾನೇ? ಊಟ ಅಲ್ವಲ್ಲ..." ಅವಳ ದನಿ ಇಳಿಯುತ್ತಾ ಹೋಯಿತು.

ಡಾಕ್ಟರಮ್ಮ ಕನ್ನಡಕ ತೆಗೆದಿಟ್ಟರು. "ಅದು ನಿಮಗೆ ಗೊತ್ತು ತಾಯಿ. ನಿಮ್ಮ ಬೆಕ್ಕಿನ ಹೊಟ್ಟೆಗೆ ಗೊತ್ತಾಗಲ್ವೇ!" ನಕ್ಕು, ಮಾತ್ರೆಯ ಬದಲು ಒಂದು ದ್ರವ ಔಷಧಿ ಬರೆದುಕೊಟ್ಟರು. "ಗಟ್ಟಿ ಔಷಧಿ ಈಗಲೇ ಬೇಡ. ಮತ್ತೆ ಮೊದಲಿಂದ ಎಂಟು ವಾರ. ಯಾವುದಕ್ಕೂ ಇರ್ಲಿ, ಚಿಗಟಕ್ಕೂ ಎರಡು ಹನಿ ಬೆನ್ನಿಗೆ ಹಾಕ್ತೀನಿ."

ದಾರಿಯುದ್ದಕ್ಕೂ ಟೈಲರಮ್ಮನಿಗೆ ಕಣ್ಣು ಮಂಜು. 'ಎಂಥ ಮಾತಾಡಿಬಿಟ್ಟೆ! ಕಳ್ಳಿ ನಾನು, ಕಳ್ಳತನ ಹೊರಿಸಿದ್ದು ಅವರ ಮೇಲೆ...'

ಆ ಮಧ್ಯಾಹ್ನ ಗಿರಾಕಿಗಳ ಬಟ್ಟೆ ಪಕ್ಕಕ್ಕಿಟ್ಟು ಎಂಟನೆಯ ಅಂಗಿ ಹೊಲಿದಳು. ಇದಕ್ಕೆ ಒಂದು ಜೇಬು. ಜೇಬಿನಲ್ಲಿ ಕ್ಷಮೆಯ ಚೀಟಿ. ಎದುರಿಗೆ ನಿಂತು ಕೇಳುವ ಧೈರ್ಯವಿಲ್ಲ. ಮುತ್ತಜ್ಜಿಗೆ ಅಂಗಿ ತೊಡಿಸಿ, ಅವನ ಮನೆಯ ಕಡೆ ಬಿಟ್ಟು, ಕಿಟಕಿಯಲ್ಲಿ ನಿಂತಳು.

ಮುತ್ತಜ್ಜಿ ಗಂಭೀರವಾಗಿ ಅರ್ಧ ದಾರಿ ನಡೆಯಿತು. ಬಿಸಿಲು ಬಿದ್ದ ಒಂದು ಗೋಡೆ ಕಂಡಿತು. ಹತ್ತಿತು. ಮಲಗಿತು.

ಹತ್ತು ನಿಮಿಷ... ಅರ್ಧ ಗಂಟೆ... ಒಂದು ಗಂಟೆ!

"ಬೆಕ್ಕಿನ ಕೈಲಿ ಕಾಗದ ಕೊಟ್ಟು ಕಾಯೋಳನ್ನ ಇವತ್ತೇ ನೋಡಿದ್ದು" ಎಂದರು ಸೋದರತ್ತೆ. "ಕಾಲು ನಿಂಗೂ ಇದೆ. ಹೋಗೇ!"

ಅವಳು ಚಪ್ಪಲಿಯನ್ನೂ ಮೆಟ್ಟದೆ ಓಡಿದಳು. ಗೋಡೆಯ ಮೇಲಿದ್ದ ಬೆಕ್ಕನ್ನು ಎತ್ತಿಕೊಂಡು ಹೋಗಿ ಬೈಂಡರ್‌ನ ಬಾಗಿಲು ತಟ್ಟಿದಳು. ಈ ಸಲ ತಟ್ಟಿದಳು.

"ಕ್ಷಮೆ ಬರೆದು ಕಳಿಸಿದ್ದೆ. ತಂದು ಕೊಡಬೇಕಾದವರು ಗೋಡೆ ಮೇಲೆ ನಿದ್ದೆ ಹೋದ್ರು" ಎಂದಳು. ಮುಂದೆ ಮಾತು ತಾನಾಗಿಯೇ ಹರಿಯಿತು. "ಮೀನು ಹಾಕಿದ್ದು ನಾನೇ. ದಿನಾ ನನ್ನ ಕೈಯಾರೆ, ಮಾತ್ರೆ ಜೊತೆ. ನಿಮ್ಮ ಅಂಗೈ ನೋಡ್ದೆ, ನನ್ನ ಅಂಗೈ ನೋಡ್ಕೊಳ್ಳಲಿಲ್ಲ. ಆರು ವಾರ ನೀವು ಬರೋ ಹೊತ್ತಿಗೆ ಕಾದು... ನಿನ್ನೆ ನಾನೇ ನಿಮ್ಮನ್ನ ಓಡಿಸ್ದೆ. ರಾತ್ರಿಯೆಲ್ಲ ಮನೆ ಬಿಕೋ ಅಂತಿತ್ತು."

ಅವನು ಜೇಬಿನ ಚೀಟಿ ತೆಗೆದು ಓದಲಿಲ್ಲ. ಒಳಗೆ ಹೋಗಿ ಒಂದು ಪುಟ್ಟ ಪುಸ್ತಕ ತಂದ. ಬೂದು ಬಟ್ಟೆಯ ರಟ್ಟು, ಒಳಗೆಲ್ಲ ಖಾಲಿ ಹಾಳೆ.

"ಅಳತೆಯೆಲ್ಲ ಚೀಟೀಲಿ ಬರೆದು ಕಳ್ಕೋತೀರಿ ಅಂತ ಕಟ್ಟಿದ್ದೆ. ಇವತ್ತು ತಂದು ಕೊಡ್ಲಾ ಬೇಡ್ವಾ ಅಂತ ಮೂರು ಸಲ ಬಾಗಿಲ ತನಕ ಬಂದೆ."

"ಮತ್ತೆ ಮೊದಲಿಂದ ಎಂಟು ವಾರ ಅಂತೆ. ಬರ್ತೀರಾ?"

"ಡಾಕ್ಟರಮ್ಮ ಎರಡು ಮನೆ ಊಟ ಬೇಡ ಅಂದ್ರಲ್ಲ." ಅವನು ಬೆಕ್ಕಿನ ತಲೆ ಸವರುತ್ತಾ ನೆಲ ನೋಡಿದ. "ಹಾಗಾದ್ರೆ... ಒಂದೇ ಮನೆ ಮಾಡ್ಕೊಂಡ್ರೆ?"

"ಬೆಕ್ಕಿನ ವಿಷಯ ತಾನೇ ಹೇಳ್ತಿರೋದು?"

"ಬೆಕ್ಕಿಂದಲೇ ಶುರು ಮಾಡ್ದೆ..."

ಅವಳು ಬೆಕ್ಕನ್ನು ಕೆಳಗಿಳಿಸಿ, ಕೊರಳಿನ ಟೇಪು ತೆಗೆದು ಅವನ ಭುಜಕ್ಕೆ ಹಿಡಿದಳು. ಮುಖ ನಗುತ್ತಿತ್ತು.

"ಇದೇನು?"

"ಅಳತೆ. ಕೋಟಿಗೆ. ಅಲ್ಲಾಡಬೇಡಿ... ಅತ್ತೆ ಕೇಳ್ತಾರೆ!"

ಆ ಎಂಟು ವಾರ ಮುಗಿಯುವಷ್ಟರಲ್ಲಿ ಮುತ್ತಜ್ಜಿಯ ಹೊಟ್ಟೆಯ ಮೇಲೆ ಮೆತ್ತನೆಯ ಬೂದು ತುಪ್ಪಳ ಬಂತು. ಮೀನು ಬಿಟ್ಟಿದ್ದಕ್ಕೋ, ಚಿಗಟದ ಎರಡು ಹನಿಗೋ, ಇಬ್ಬರೂ ಒಂದೇ ಸೂರಿನಡಿ ಸಿಕ್ಕಿದ ನೆಮ್ಮದಿಗೋ? ಖಚಿತವಾಗಬೇಕಾದರೆ ಮತ್ತೊಮ್ಮೆ ಮೀನು ಕೊಟ್ಟು ನೋಡಬೇಕು ಎಂದರು ಡಾಕ್ಟರಮ್ಮ. ಇಬ್ಬರಿಗೂ ಮನಸ್ಸಾಗಲಿಲ್ಲ. ಹಾಗಾಗಿ ಕಾರಣ ಅವರಿಗೆ ಗೊತ್ತಿಲ್ಲ. ನನಗೂ ಗೊತ್ತಿಲ್ಲ.