ಚಂದ್ರವ್ವನ ಮುಷ್ಟಿ

"ಮುಷ್ಟಿ ಸಡಿಲ ಬಿಡಬ್ಯಾಡ ತಂಗಿ. ಮೊದಲ ನನ್ನ ಮಾತ ಕೇಳು," ಎಂದರು ಸುಬೇದಾರ ಧರ್ಮರಾಜ.

ಚಂದ್ರವ್ವ ನಕ್ಕಳು. "ಕಬ್ಬಿಣದ ಗುಂಡಿಗೆ ಇಷ್ಟ್ಯಾಕ ಹೆದರ್ತೀರಿ ಕಾಕಾ?"

ಬಾದಾಮಿಯ ಕೆಂಪು ಬಂಡೆಗಳ ಬಿರುಕೊಂದರಲ್ಲಿ ಹಂಸಗಳ ಸಾಲು ಕೆತ್ತಿದೆ ಎಂದು ಯಾರೋ ಹೇಳಿದ್ದರು. ಅದನ್ನು ಕಾಗದಕ್ಕಿಳಿಸಿ ಸೀರೆಯ ದಡಿಯಲ್ಲಿ ನೇಯಬೇಕೆಂಬುದು ಇಳಕಲ್ಲಿನ ನೇಕಾರಳಾದ ಚಂದ್ರವ್ವನ ಹಟ. ದಾರಿ ತೋರಿಸಲು ಕುಳಗೇರಿ ಕ್ರಾಸಿನ ಈ ನಿವೃತ್ತ ಸೈನಿಕ. ಹಗ್ಗ ಹಿಡಿಯಲು, ಮಗ್ಗ ಬಿಟ್ಟು ಗ್ರಾನೈಟ್ ಪಾಲಿಶಿಗೆ ಸೇರಿದ ತಮ್ಮ ಶಂಭು. ಏರಿ, ಕಳ್ಳಿ ಸರಿಸಿ, ಹೊಟ್ಟೆಯ ಮೇಲೆ ತೆವಳಿ ಒಳಗೆ ಹೋದರೆ ಹಂಸಗಳು ನಿಜಕ್ಕೂ ಇದ್ದವು, ಹನ್ನೊಂದು! ಕಾಗದ ಒತ್ತಿ ಇದ್ದಿಲು ತಿಕ್ಕಿದ್ದೂ ಆಯಿತು.

ಹೊರಡುವಾಗ ಸಂದಿನಲ್ಲಿ ಆ ಗುಂಡು ಸಿಕ್ಕಿತು. ಮಗ್ಗಕ್ಕೆ ತೂಗಿಬಿಡುವ ಭಾರದಂತೆಯೇ ಇದೆ, ಹಗ್ಗ ಕಟ್ಟಲು ಉಂಗುರವೂ ಇದೆ. ತಡೆದೀತೇ ಎಂದು ಉಂಗುರ ಜಗ್ಗಿ ನೋಡಿದಳು. ತುಕ್ಕು ಹಿಡಿದ ಕಡ್ಡಿಯೂ ಕಿತ್ತು ಬಂತು.

"ಅದು ಗ್ರೆನೇಡ್," ಎಂದರು ಧರ್ಮರಾಜ. "ಯಾರು ಯಾವಾಗ ಬಚ್ಚಿಟ್ಟಿದ್ದೋ. ಅಂಗೈಯಾಗ ಒತ್ತಿ ಹಿಡದೀಯಲ್ಲ ಆ ಪಟ್ಟಿ, ಈಗ ಅದೊಂದ ತಡದೈತಿ. ಬಿಟ್ಟರ ನಾಕೈದು ಸೆಕೆಂಡು."

ಅವಳ ನಗು ಇಂಗಿತು.

"ಹೊಗಿ ಬಿಡೋದು ಇರಬೌದಲ್ರಿ?" ಶಂಭು ಕೇಳಿದ.

"ಅದು ಉದ್ದ ಡಬ್ಬಿ ಇದ್ದಂಗ ಇರ್ತೈತಿ. ಬರೇ ಸಪ್ಪಳ, ಬೆಳಕು ಮಾಡಿ ಮಂದಿನ್ನ ದಿಕ್ಕೆಡಿಸೋದು ಬ್ಯಾರೆ. ಇದು ಒಡದು ಚೂರು ಹಾರಸೋದಪಾ. ಎಸದಾವನೂ ಅಡಗಬೇಕು."

"ಹಂಗಾರ ಎಸದುಬಿಡೂಣ!"

"ಎಲ್ಲಿಗಿ? ಕೆಳಗ ಕುರಿಯವರು ಕುಂತಾರ. ಇಲ್ಲೇ ಬಂಡೆಗಲ್ಲಿಗಿ ಬಡದರ ಚೂರು ನಮಗ ವಾಪಸ್."

ಕಡ್ಡಿ ಇದ್ದ ತೂತಿಗೆ ಧರ್ಮರಾಜ ಸೀರೆಪಿನ್ನು ತೂರಿಸಲು ನೋಡಿದರು. ತೂತಿನ ತುಂಬ ತುಕ್ಕು, ಪಿನ್ನು ಹೋಗಲಿಲ್ಲ. ಇಪ್ಪತ್ತು ವರ್ಷ ನೂರಾರು ಹುಡುಗರಿಗೆ ಎಸೆಯುವುದನ್ನು ಕಲಿಸಿದವರು. ಎಸೆಯದೆ ಕೂರುವುದನ್ನು ಯಾರಿಗೂ ಕಲಿಸಿರಲಿಲ್ಲ. ಪೊಲೀಸರಿಗೆ ಫೋನಾಯಿತು. ಬಾಂಬ್ ತಂಡ ಬರಲು ಮೂರು ತಾಸು.

ಬಿಸಿಲು ಬಿರುಕಿನೊಳಕ್ಕೆ ಇಳಿಯಿತು.

"ಕಾಕಾ, ಬೆರಳು ನನ್ನವ ಅಲ್ಲ ಅನಸಾಕತ್ತಾವ."

ಧರ್ಮರಾಜ ಅವಳ ಮೊಣಕೈಗೆ ಆನಿಕೆ ಕೊಟ್ಟರು. ಅವರ ಕೈಲಾದದ್ದು ಅಷ್ಟೇ.

"ನಾ ಹಿಡೀಲೇನಕ್ಕಾ?"

"ಕೈ ಬದಲಿಸೂಮುಂದ ಜಾರಿದರ? ಬ್ಯಾಡ. ಚೀಲದಾಗ ಕೆಂಪು ರೇಷ್ಮಿ ಐತಿ. ಮುಷ್ಟಿ ಮ್ಯಾಲೆ ಸುತ್ತು."

"ನನ್ನ ಕೈಗಿ ದಾರ ಹತ್ತೂದಿಲ್ಲ, ನಿನಗ ಗೊತ್ತೈತಿ."

"ಜಗ್ಗಬ್ಯಾಡ, ಸಡಿಲೂ ಬಿಡಬ್ಯಾಡ. ಅಪ್ಪ ಎಷ್ಟ ಬೈದಿದ್ದ ನಿನಗ ಇದಕ್ಕ!"

ಶಂಭು ಸುತ್ತಿದ. ಒಂದು ಸುತ್ತು, ಹತ್ತು ಸುತ್ತು, ನೂರು ಸುತ್ತು. ಬೆವರು ದಾರದ ಮೇಲೆ ತೊಟ್ಟಿಕ್ಕಿತು. ಬೆರಳುಗಳು ಮರಗಟ್ಟಿದವು, ಮುಷ್ಟಿ ಮಾತ್ರ ಬಿಚ್ಚಲಿಲ್ಲ.

ಮೂರು ತಾಸು ನಾಲ್ಕಾಯಿತು. ದಪ್ಪ ಕವಚ ತೊಟ್ಟವನೊಬ್ಬ ತೆವಳಿ ಬಂದ. ಕುರಿಯವರನ್ನು ದೂರ ಕಳಿಸಿ, ಹೊರಗೆ ಮರಳಚೀಲ ಪೇರಿಸಿದ್ದಾಗಿತ್ತು. ದಾರ ಕತ್ತರಿಸುತ್ತ ಅವಳ ಒಂದೊಂದು ಬೆರಳಿನ ಕೆಳಗೂ ತನ್ನ ಬೆರಳು ತೂರಿಸಿ, ಪಟ್ಟಿ ಸಮೇತ ಗ್ರೆನೇಡನ್ನು ತನ್ನ ಹಿಡಿಗೆ ತೆಗೆದುಕೊಂಡ.

"ನಡೀರಿ. ಬಂಡೆಗಲ್ಲಿನ ಹಿಂದ. ಓಡ್ರಿ!"

ತೆವಳಿ ಹೊರಬಂದು ಓಡಿದರು. ಬಿದ್ದರು. ಹಿಂದೆಯೇ ಹೊರಬಂದ ಕವಚದವನು ಗ್ರೆನೇಡನ್ನು ಮರಳಚೀಲಗಳಾಚೆ ಎಸೆದು ಅಡಗಿದ.

ಢಮ್!

ಕೆಂಪು ಧೂಳಿನೊಳಗಿಂದ ಕವಚದವನು ಎದ್ದು ಕೈ ಎತ್ತಿದ.

ಬೆಟ್ಟ ಇಳಿದು ಬೇವಿನ ನೆರಳಿಗೆ ಬಂದಾಗಲೇ ಮೂವರಿಗೂ ಉಸಿರು ಬಂತು.

"ರೇಷ್ಮಿ ಎಲ್ಲಾ ಹಾಳಾತಲ್ಲೋ ಶಂಭ್ಯಾ," ಎಂದಳು ಚಂದ್ರವ್ವ.

"ಹಂಸ ಅದಾವಲ್ಲಕ್ಕಾ. ಹಿಡಿ."

ಕಾಗದ ಹಿಡಿಯಲು ಅವಳು ಬಲಗೈ ಚಾಚಿದಳು. ಮುಷ್ಟಿ ಇನ್ನೂ ಮುಚ್ಚಿಯೇ ಇತ್ತು. ಶಂಭು ಒಂದೊಂದೇ ಬೆರಳು ಬಿಡಿಸಿದ. ಕಿರುಬೆರಳು ಬಿಚ್ಚಿದಾಗ ಕೆಂಪು ರೇಷ್ಮೆಯ ತುಣುಕೊಂದು ನೆಲಕ್ಕೆ ಬಿತ್ತು.