ಮೂರನೇ ಬೀಗದಕೈ

"ಒಂದು ಬೀಗದಕೈ ಮಾಡೋಕೆ ನಿಮಗೆ ಎಷ್ಟು ಹೊತ್ತು ಬೇಕು?"

ಅವಳು ಊಟದ ತಟ್ಟೆಯನ್ನು ಪಕ್ಕಕ್ಕೆ ಸರಿಸಿ ಗಂಡನನ್ನು ನೇರವಾಗಿ ಕೇಳಿದಳು. ಮದುವೆಯಾಗಿ ಆಗ ನಾಲ್ಕು ತಿಂಗಳು. ಗಂಡ ಬೀಗ ರಿಪೇರಿ ಮಾಡುವವನು. ಕೆಲಸದ ವಿಷಯದಲ್ಲಿ ಸುಳ್ಳು ಹೇಳಿ ಅವನಿಗೆ ಅಭ್ಯಾಸವಿರಲಿಲ್ಲ.

"ನಾಲ್ಕು ನಿಮಿಷ," ಎಂದ.

"ನಾಲ್ಕು ನಿಮಿಷದ ಕೆಲಸಕ್ಕೆ ನಾಲ್ಕು ತಿಂಗಳಿಂದ ಕಾಯ್ತಿದೀನಲ್ರೀ!"

ಎದುರಿಗೆ ಕೂತಿದ್ದ ಅತ್ತೆ ನೀರಿನ ಲೋಟವನ್ನು ಮೇಜಿನ ಮೇಲೆ ಕುಕ್ಕಿದರು. "ಈ ಮನೆ ಬಾಗಿಲಿಗೆ ಎರಡೇ ಬೀಗದಕೈ. ನಿನ್ನ ಮಾವ ಆ ಮಾತು ಹೇಳಿಯೇ ಕಣ್ಣು ಮುಚ್ಚಿದ್ದು. ಒಂದು ನನ್ನ ಹತ್ರ, ಇನ್ನೊಂದು ನಿನ್ನ ಗಂಡನ ಹತ್ರ. ಮೂರನೇದು ಈ ಮನೇಲಿ ಹುಟ್ಟೋಲ್ಲ!"

ಗಂಡ ತಟ್ಟೆಯಲ್ಲಿ ಏನೋ ಕಳೆದುಕೊಂಡವನಂತೆ ತಲೆ ತಗ್ಗಿಸಿ ಊಟ ಮುಂದುವರಿಸಿದ.

ಬೀದಿಯವರೆಲ್ಲ ಅವನನ್ನು ಬೀಗದಣ್ಣ ಎಂದೇ ಕರೆಯುತ್ತಿದ್ದರು. ಬಸ್ ನಿಲ್ದಾಣದ ಪಕ್ಕ ಒಬ್ಬ ಮನುಷ್ಯ ಕೂರುವಷ್ಟೇ ಜಾಗದ ಅಂಗಡಿ. ಹಿಂದಿನ ಗೋಡೆಯ ತುಂಬ ಮೊಳೆಗಳಿಗೆ ನೇತುಹಾಕಿದ ಇನ್ನೂ ಹಲ್ಲು ಕೊರೆಯದ ಬೀಗದಕೈಗಳು. ನಿನ್ನೆ ಬಾಡಿಗೆಗೆ ಬಂದವರಿಗೂ ಅವನೇ ಮಾಡಿಕೊಡುತ್ತಿದ್ದ, ವಾರಕ್ಕೊಮ್ಮೆ ಕಳೆದುಕೊಂಡು ಹಲ್ಲು ಕಿರಿಯುತ್ತ ಬರುವ ಕುಡುಕನಿಗೂ ಅವನೇ ಮಾಡಿಕೊಡುತ್ತಿದ್ದ. ಕಟ್ಟಿಕೊಂಡ ಹೆಂಡತಿಗೆ ಮಾತ್ರ ಒಂದು ಬೀಗದಕೈಗೂ ಗತಿಯಿರಲಿಲ್ಲ!

ಅವಳಿಗೆ ದೊಡ್ಡಾಸ್ಪತ್ರೆಯ ಲಾಂಡ್ರಿಯಲ್ಲಿ ಕೆಲಸ. ಬೆಳಗ್ಗೆ ಏಳರಿಂದ ಆವಿ ಕಾರುವ ದೊಡ್ಡ ಇಸ್ತ್ರಿ ಯಂತ್ರದ ಮುಂದೆ ನಿಂತೇ ಇರಬೇಕು; ಹೊದಿಕೆಗಳು, ಹಾಸುಗಳು, ಮತ್ತೆ ಹಾಸುಗಳು. ಮೂರು ಗಂಟೆಗೆ ಮನೆ ಮುಟ್ಟುವಾಗ ಪಾದಗಳು ಚಪ್ಪಲಿಯಿಂದ ಹೊರಗೆ ಉಬ್ಬಿರುತ್ತಿದ್ದವು. ಅತ್ತೆ ಊಟ ಮುಗಿಸಿ ಬಾಗಿಲು ಹಾಕಿಕೊಂಡು ತಮ್ಮ ಅಕ್ಕನ ಮನೆಗೆ ಹೊರಟರೆ ಬರುವುದು ಐದಕ್ಕೆ. ಮೂರರಿಂದ ಐದರವರೆಗೆ, ದಿನವೂ, ಅವಳ ಜಾಗ ಮನೆ ಮುಂದಿನ ಕಲ್ಲು ಮೆಟ್ಟಿಲು. ಬೀದಿಯ ಮಕ್ಕಳು 'ಮೆಟ್ಟಿಲಕ್ಕ' ಎಂದು ಹೆಸರಿಟ್ಟುಬಿಟ್ಟಿದ್ದವು. ಮೇಲಿನ ಮನೆಯ ನಿವೃತ್ತ ಪೋಸ್ಟ್‌ಮ್ಯಾನ್ ತಾತ ಒಮ್ಮೆ ಕೆಳಗಿಳಿಯುತ್ತ, "ಮನೇಲಿ ಯಾರೂ ಇಲ್ಲದಿದ್ರೆ ನಾನೂ ಪಾರ್ಸಲ್‌ನ ಹೀಗೇ ಮೆಟ್ಟಿಲ ಮೇಲಿಟ್ಟು ಹೋಗ್ತಿದ್ದೆ ಕಣಮ್ಮಾ," ಎಂದು ನಕ್ಕರು. ಅವಳೂ ನಕ್ಕಳು. ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡಳು.

ಮದುವೆಯಾದ ಮೊದಲ ವಾರ ಅವಳು ಬಾಗಿಲು ಬಡಿದಿದ್ದುಂಟು. ಅಂದು ಅತ್ತೆ ಒಳಗೇ ಇದ್ದರು. ತೆಗೆದವರೇ ಮುಖ ಸಿಂಡರಿಸಿ, "ಬೀದಿಯೆಲ್ಲ ಕೇಳೋ ಹಾಗೆ ಬಡೀಬೇಡ. ಒಳಗಿದ್ರೆ ನಾನೇ ತೆಗೀತೀನಿ, ಇಲ್ಲದಿದ್ರೆ ಸುಮ್ನೆ ಕೂತಿರು," ಎಂದಿದ್ದರು. ಅವಳು ಆ ಮಾತನ್ನು ಪಾಲಿಸಿದಳು. ಬೀಗವೋ, ಬಾಗಿಲ ಮರದೊಳಗೇ ಕೂರಿಸಿದ್ದು. ಒಳಗೆ ಜನ ಇದ್ದಾರೋ ಇಲ್ಲವೋ ಹೊರಗಿನಿಂದ ತಿಳಿಯುತ್ತಿರಲಿಲ್ಲ. ಮಾವನೇ ಕೈಯಾರೆ ಮಾಡಿದ ಬೀಗವಂತೆ.

ಮೂರನೇ ಬೀಗದಕೈಯ ಕಥೆಯನ್ನು ಗಂಡ ಒಂದು ರಜೆಯ ಬೆಳಗ್ಗೆ ತಗ್ಗಿದ ದನಿಯಲ್ಲಿ ಹೇಳಿದ. ಹಿಂದೊಮ್ಮೆ ಮೂರನೆಯದು ಇತ್ತು, ಮಾವ ಅದನ್ನು ತಮ್ಮ ಸ್ವಂತ ತಮ್ಮನಿಗೆ ಕೊಟ್ಟಿದ್ದರು. ಅತ್ತೆ ಇವನನ್ನು ಹೆರಲು ಆಸ್ಪತ್ರೆಗೆ ಹೋದ ದಿನ ಆ ಮಹಾನುಭಾವ ಮನೆಯನ್ನು ಗುಡಿಸಿ ಸಾರಿಸಿದಂತೆ ಖಾಲಿ ಮಾಡಿಕೊಂಡು ಹೋದ. ಹಸುಗೂಸನ್ನು ಎತ್ತಿಕೊಂಡು ಬಂದ ಅತ್ತೆಗೆ ಮಲಗಿಸಲು ಒಂದು ಚಾಪೆಯೂ ಉಳಿದಿರಲಿಲ್ಲ. ಆಮೇಲೆ ಮಾವ ಬೀಗ ಬದಲಿಸಿ ಎರಡೇ ಬೀಗದಕೈ ಮಾಡಿದ್ದರು.

"ಅವರಿಗೆ ಎಷ್ಟು ನೋವಾಗಿರಬೇಕು ಅಂತ ಅರ್ಥ ಆಗುತ್ತೆ," ಎಂದಳು ಅವಳು. "ಆದ್ರೆ ಕದ್ದವಳು ನಾನಲ್ವಲ್ಲ! ಹೊಸದು ಮಾಡೋದು ಬೇಡ, ನಿಮ್ಮದನ್ನೇ ನನಗೆ ಕೊಡಿ. ನೀವು ಬರೋ ಹೊತ್ತಿಗೆ ನಾವಿಬ್ರೂ ಮನೇಲೇ ಇರ್ತೀವಿ."

ಗಂಡನ ಕೈ ತಾನಾಗಿ ಸೊಂಟದ ಬೀಗದಕೈ ಗೊಂಚಲಿನ ಮೇಲೆ ಹೋಯಿತು. "ಅಪ್ಪ ಕೊಟ್ಟಿದ್ದು... ಬಿಟ್ಟುಕೊಟ್ರೆ ಅಮ್ಮ ನೊಂದ್ಕೋತಾಳೆ. ಸ್ವಲ್ಪ ಅನುಸರಿಸ್ಕೊಂಡು ಹೋಗು."

ಅನುಸರಿಸಿಕೊಂಡು ಹೋಗು! ಬಿಸಿಲಲ್ಲಿ ಕೂತವಳಿಗೆ ನೆರಳಲ್ಲಿ ನಿಂತವನು ಎಷ್ಟು ಸುಲಭವಾಗಿ ಹೇಳಿಬಿಟ್ಟ ನೋಡಿ. ಅವಳ ಮೈಯೆಲ್ಲ ಉರಿದುಹೋಯಿತು. ಆದರೂ ಹಲ್ಲು ಕಚ್ಚಿಕೊಂಡು ಅನುಸರಿಸಿದಳು.

ಮದುವೆಯಾದ ಆರನೇ ತಿಂಗಳಲ್ಲಿ ಅವಳು ಬಸುರಿ ಎಂದು ಗೊತ್ತಾಯಿತು. ಗಂಡ ಕುಣಿದಾಡಿದ. ಅತ್ತೆಯೂ ಹಿಗ್ಗಿದರು, ಸುಳ್ಳು ಹೇಳಬಾರದು, ನಿಜವಾಗಿಯೂ ಹಿಗ್ಗಿದರು. ಮರುದಿನ ಬೆಳಗ್ಗೆ ಅವಳು ಕೆಲಸಕ್ಕೆ ಹೊರಡುವಾಗ ಒಳಗಿನಿಂದ ಏನನ್ನೋ ತಂದು ಕೈಗಿಟ್ಟರು. ಕೊನೆಗೂ ಬೀಗದಕೈ ಎಂದುಕೊಂಡಳು. ನೋಡಿದರೆ, ದಿಂಬು! ಪುಟ್ಟ ಹೂವಿನ ದಿಂಬು! "ಬರೀ ಕಲ್ಲಿನ ಮೇಲೆ ಕೂರಬೇಡ. ತಾತನ ಮೆಟ್ಟಿಲ ಕೆಳಗೆ ಇಟ್ಟಿರು, ಬಂದಾಗ ತಗೋ," ಎಂದರು ಅತ್ತೆ, ಬಹಳ ಮಮತೆಯಿಂದ. ಅವಳಿಗೆ ಆ ದಿಂಬನ್ನು ಹರಿದು ಹತ್ತಿಯನ್ನೆಲ್ಲ ಬೀದಿಗೆ ಎರಚಬೇಕೆನ್ನಿಸಿತು.

ಮದುವೆಯಾದ ಎಂಟನೇ ತಿಂಗಳಲ್ಲಿ ಅದು ನಡೆಯಿತು. ಹೊಟ್ಟೆಯಲ್ಲಿದ್ದ ಮಗುವಿಗೆ ಮೂರು ತಿಂಗಳು ತುಂಬಿತ್ತು. ಬೆಳಗ್ಗೆಯಿಂದ ಸೊಂಟ ಹಿಡಿದುಕೊಂಡಂತಾಗಿ, ಮೇಲ್ವಿಚಾರಕಿಯೇ, "ಮನೆಗೆ ಹೋಗಿ ಮಲಗು," ಎಂದು ಹನ್ನೆರಡಕ್ಕೆ ಕಳಿಸಿದಳು. ದಾರಿಯಲ್ಲಿ ಗಂಡನ ಅಂಗಡಿಗೆ ಹೋದರೆ ಮುಚ್ಚಿತ್ತು. ಯಾರದೋ ಬೀರು ತೆಗೆಯಲು ದೂರ ಹೋಗಿದ್ದ. ಫೋನಿಗೂ ಸಿಗಲಿಲ್ಲ. ಮನೆಗೆ ಬಂದಳು. ಬಾಗಿಲು ಮುಚ್ಚಿತ್ತು. ಎಂದಿನ ಬಾಗಿಲು, ಎಂದಿನ ಮೆಟ್ಟಿಲು. ದಿಂಬು ತೆಗೆದುಕೊಂಡು ಕೂತಳು.

ನೋವು ಬಂತು, ಹೋಯಿತು, ಮತ್ತೆ ಬಂತು. ಅಳಲೂ ನಾಚಿಕೆ, ಬೀದಿ! ತುಟಿ ಕಚ್ಚಿ ಮುದುಡಿಕೊಂಡು ಕೂತಳು. ಒಂದೂವರೆ ಗಂಟೆ ಹೊತ್ತು. ಪೋಸ್ಟ್‌ಮ್ಯಾನ್ ತಾತ ಔಷಧಿ ತರಲು ಹೋದವರು ವಾಪಸಾಗಿ ನೋಡಿದಾಗ ದಿಂಬು ಕೆಂಪಾಗಿತ್ತು. ತಾತ ಹೌಹಾರಿ ಬಾಗಿಲನ್ನು ಎರಡೂ ಕೈಯಲ್ಲಿ ದಬದಬ ಬಡಿದರು.

ಬಾಗಿಲು ತೆರೆಯಿತು.

ಅತ್ತೆ ನಿಂತಿದ್ದರು. ನೆಗಡಿಯೆಂದು ಅಂದು ಅಕ್ಕನ ಮನೆಗೆ ಹೋಗದೆ, ಹಜಾರದಲ್ಲೇ ಮುಸುಕೆಳೆದು ಮಲಗಿದ್ದರು. ಸೊಸೆಯ ಬೆನ್ನಿಗೂ ಅವರ ಹಾಸಿಗೆಗೂ ನಡುವೆ ಮೂರು ಹೆಜ್ಜೆ ಮತ್ತು ಒಂದು ಹಲಗೆ, ಅಷ್ಟೇ!

ಮಗು ಉಳಿಯಲಿಲ್ಲ.

ಆಸ್ಪತ್ರೆಯ ಹಾಸಿಗೆಯ ಮೇಲೆ ಅವಳು ಗೋಡೆಗೆ ಮುಖ ಮಾಡಿ ಮಲಗಿದ್ದಳು. ಮೈಕೆಳಗಿನ ಹಾಸು ಹಿಂದಿನ ದಿನ ತಾನೇ ಇಸ್ತ್ರಿ ಮಾಡಿದ್ದು. ಮಡಿಕೆಯ ಗೆರೆ ಇನ್ನೂ ಹೋಗಿರಲಿಲ್ಲ. ಬೇಗ ಬಂದಿದ್ದರೆ ಉಳಿಯುತ್ತಿತ್ತೋ ಇಲ್ಲವೋ ಹೇಳಲಾಗದು, ಎಂದಿದ್ದರು ಡಾಕ್ಟರು. ಆ 'ಹೇಳಲಾಗದು' ಅವಳನ್ನು ಕೊಲ್ಲುತ್ತಿತ್ತು.

ಅತ್ತೆ ಬಿಕ್ಕುತ್ತಿದ್ದರು. "ಒಂದು ಸಲ... ಒಂದೇ ಒಂದು ಸಲ ಬಾಗಿಲು ಬಡೀಬಾರದಿತ್ತೇನೇ? ಏನೋ ನರಳಿದ ಹಾಗೆ ಕೇಳಿಸ್ತು, ಬೆಕ್ಕು ಅಂದ್ಕೊಂಡೆ..."

ಅವಳು ಧಡಕ್ಕನೆ ತಿರುಗಿದಳು. "ಬಡೀಬೇಡ ಅಂದಿದ್ದು ಯಾರು ಅತ್ತೆ? ಸುಮ್ನೆ ಕೂತಿರು ಅಂದಿದ್ದು ಯಾರು? ಸುಮ್ನೆ ಕೂತಿದ್ದೆ! ನೀವು ಹೇಳಿದ ಹಾಗೇ ಕೂತಿದ್ದೆ! ನಿಮ್ಮ ಚಾಪೆ, ನಿಮ್ಮ ಬೀರು ಎಲ್ಲ ಜೋಪಾನವಾಗಿದೆ, ಹೋಗಿ ನೋಡ್ಕೊಳ್ಳಿ. ಹೋಗಿದ್ದು ನಂದು ಮಾತ್ರ!"

ಅತ್ತೆ ಬಾಯಿಗೆ ಸೆರಗು ತುರುಕಿಕೊಂಡು ಹೊರಗೆ ಓಡಿದರು. ಸಂಜೆ ಗಂಡ ಬಂದ. ಕಣ್ಣು ಊದಿತ್ತು. ಅಂಗೈ ಬಿಚ್ಚಿದ. ಹೊಚ್ಚ ಹೊಸ ಬೀಗದಕೈ, ಹಲ್ಲುಗಳಲ್ಲಿ ಇನ್ನೂ ಲೋಹದ ಪುಡಿ.

ಅವಳು ಅದನ್ನು ನೋಡಿದಳು, ಅವನನ್ನು ನೋಡಿದಳು. "ನಾಲ್ಕು ನಿಮಿಷ ಆಯ್ತಾ?"

ಅವನು ಮಂಚದ ಕಾಲಿಗೆ ಹಣೆಯೊತ್ತಿ ಅತ್ತ. ಅವಳು ಅಳಲಿಲ್ಲ. "ಅವರಿಗಾದ್ರೂ ಹಳೇ ಗಾಯ ಇತ್ತು. ನಿಮಗೇನಿತ್ತು? ಸೊಂಟದಲ್ಲೇ ಇತ್ತಲ್ರೀ ಬೀಗದಕೈ! ದಿನಾ ನಡೆಯುವಾಗ ಝಣಝಣ ಅಂತಿತ್ತು. ನಿಮಗೆ ಒಂದು ದಿನಾನೂ ಕೇಳಿಸಲಿಲ್ವಾ?"

ಆಸ್ಪತ್ರೆಯಿಂದ ಅವಳು ಆ ಮನೆಗೆ ಹೋಗಲಿಲ್ಲ. ಲಾಂಡ್ರಿಯ ಗೆಳತಿಯೊಬ್ಬಳು ಸೈಕಲ್ ಅಂಗಡಿಯ ಮೇಲೊಂದು ಕೋಣೆ ಹುಡುಕಿಕೊಟ್ಟಳು. ಒಂದು ಕಿಟಕಿ, ಒಂದು ಒಲೆ, ಸಂತೆಯಲ್ಲಿ ಕೊಂಡ ಅಗ್ಗದ ಬೀಗ. ಮೂರು ಗಂಟೆಗೆ ಬಂದು ತನ್ನ ಬಾಗಿಲನ್ನು ತಾನೇ ತೆಗೆದ ಮೊದಲ ದಿನ ಅವಳು ನೆಲದ ಮೇಲೆ ಕುಸಿದು ಕೂತು ಅತ್ತಳು. ಗಂಡ ರಜೆಯ ದಿನಗಳಂದು ಬಂದು ಬಾಗಿಲ ಸಂದಿಯಿಂದ ಆ ಹೊಸ ಬೀಗದಕೈಯನ್ನು ಒಳಗೆ ತಳ್ಳುತ್ತಿದ್ದ. ಅವಳು ಕಾಲಿನಿಂದ ಅದನ್ನು ಹೊರಗೆ ತಳ್ಳುತ್ತಿದ್ದಳು.

ಮದುವೆಯಾಗಿ ಒಂದು ವರ್ಷ ತುಂಬಿದ ದಿನ ಅವಳು ಕೆಲಸದಿಂದ ಬಂದಾಗ, ಕೋಣೆಯ ಮುಂದಿನ ಕೊನೆಯ ಮೆಟ್ಟಿಲ ಮೇಲೆ ಅತ್ತೆ ಕೂತಿದ್ದರು. ಸೊರಗಿಹೋಗಿದ್ದರು. ಬಿಸಿಲು ನೇರವಾಗಿ ಮುಖಕ್ಕೆ ಹೊಡೆಯುತ್ತಿತ್ತು.

"ಒಂದು ಗಂಟೆಗೇ ಬಂದೆ," ಎಂದರು ಮೆಲ್ಲಗೆ.

ಅವಳು ಅವರನ್ನು ದಾಟಿ ಬೀಗ ತೆಗೆದು, ಒಳಗೆ ಹೋಗಿ, ಬಾಗಿಲು ಹಾಕಿ ಚಿಲಕ ಸರಿಸಿದಳು. ಕೂತಿರಲಿ. ಐದು ಗಂಟೆಯವರೆಗೆ ಕೂತಿರಲಿ! ಕಲ್ಲು ಎಷ್ಟು ಸುಡುತ್ತದೆ ಎಂದು ತಿಳಿಯಲಿ. ನೀರು ಕಾಯಿಸಿ ಟೀ ಮಾಡಿದಳು, ನಿಂತೇ ಕುಡಿದಳು. ಒಂದು ಗುಟುಕೂ ರುಚಿಸಲಿಲ್ಲ. ಗಡಿಯಾರ ಮೂರೂಕಾಲು, ಮೂರೂವರೆ ಎಂದು ಕುಂಟುತ್ತ ಸಾಗಿತು. ಹೊರಗೆ ಒಂದು ಸದ್ದಿಲ್ಲ. ಕರೆಯುತ್ತಾರೆ ಎಂದುಕೊಂಡಳು, ಕರೆಯಲಿಲ್ಲ. ಎದ್ದು ಹೋದರೇನೋ ಎಂದು ಕಿವಿಗೊಟ್ಟಳು. ಬಾಗಿಲಾಚೆ ಸಣ್ಣಗೆ ಕೆಮ್ಮು ಕೇಳಿಸಿತು. ಮೂರೇ ಹೆಜ್ಜೆ ದೂರದಲ್ಲಿ.

ಆ ಕೆಮ್ಮು ಕೇಳಿ ಅವಳೊಳಗೆ ಏನೋ ಹರಿದಂತಾಯಿತು. ಬಾಗಿಲ ಬಳಿ ಹೋಗಿ ಕಿರುಚಿದಳು, "ಬಡೀತಿಲ್ಲ ಯಾಕೆ?"

ಹೊರಗಿನಿಂದ ಒಡೆದ ದನಿ. "ಬಡೀಬಾರದು... ಸುಮ್ನೆ ಕೂತಿರ್ಬೇಕು ಅಂತ... ನಾನೇ ಹೇಳಿದ್ನಲ್ಲಮ್ಮಾ..."

"ಬಡೀರಿ!" ಅವಳ ಗಂಟಲು ಬಿರಿಯಿತು. "ಬಡೀರಿ ಅತ್ತೆ! ಬೀದಿಯೆಲ್ಲ ಕೇಳ್ಲಿ!"

ಟಕ್, ಎಂದು ಅಂಜುತ್ತ ಒಂದು ಸದ್ದು.

"ಜೋರಾಗಿ! ನಾನು ಬಡೀಬೇಕಾಗಿದ್ದಷ್ಟು ಜೋರಾಗಿ!"

ಆಗ ಆ ಮುದುಕಿ ಬಡಿದರು. ಅಂಗೈಯಿಂದ, ಮುಷ್ಟಿಯಿಂದ, "ನನ್ನ ಮಗೂ... ನನ್ನ ಮಗೂ..." ಎಂದು ಗೋಳಾಡುತ್ತ ಬಡಿದರು. ಅಗ್ಗದ ಬಾಗಿಲು ಚೌಕಟ್ಟಿನೊಳಗೆ ಕುಣಿಯಿತು. ಕೆಳಗೆ ಸೈಕಲ್ ಅಂಗಡಿಯ ಸುತ್ತಿಗೆ ನಿಂತಿತು. ಒಳಗೆ ಅವಳೂ ಬಾಗಿಲಿಗೆ ಹಣೆಯಿಟ್ಟು ಅಷ್ಟೇ ಜೋರಾಗಿ ಅಳುತ್ತಿದ್ದಳು. ಕೊನೆಗೆ ಚಿಲಕ ತೆಗೆದಳು.

ಅತ್ತೆಯ ಬೆರಳ ಗೆಣ್ಣುಗಳು ಕೆಂಪಾಗಿದ್ದವು. ಸೆರಗಿನ ಗಂಟು ಬಿಚ್ಚಿ, ಮೂವತ್ತು ವರ್ಷ ಸವೆದು ನುಣುಪಾದ ಒಂದು ಬೀಗದಕೈಯನ್ನು ಚಾಚಿದರು. "ಇದು ಮೂರನೇದಲ್ಲ. ನಂದು. ಇನ್ನು ಮೇಲೆ ನಾನು ಬಡೀತೀನಿ. ನೀನು ತೆಗೆದ್ರೆ ಒಳಗೆ ಬರ್ತೀನಿ."

"ಆ ಮನೆಗೆ ಬರ್ತೀನಿ ಅಂತ ನಾನು ಹೇಳಿಲ್ಲ."

"ಹೇಳಬೇಡ. ಇಟ್ಕೋ."

ಅವಳು ತೆಗೆದುಕೊಂಡಳು. ಅದು ಬೆಚ್ಚಗಿತ್ತು. ಅದನ್ನು ಕಿಟಕಿಯ ಪಕ್ಕದ ಮೊಳೆಗೆ, ತನ್ನ ಅಗ್ಗದ ಬೀಗದಕೈಯ ಜೊತೆಗೆ ನೇತುಹಾಕಿದಳು. ತಣ್ಣೀರಿನಲ್ಲಿ ಬಟ್ಟೆ ಅದ್ದಿ ಅತ್ತೆಯ ಕೈಗೆ ಸುತ್ತಿದಳು, ಸ್ವಲ್ಪ ಒರಟಾಗಿಯೇ. ಟೀ ಮತ್ತೆ ಬಿಸಿಗಿಟ್ಟಳು.

ಅತ್ತೆ ಹಿಂಜರಿಯುತ್ತ ಕಿಟಕಿಯತ್ತ ನೋಡಿದರು. "ಅವನೂ ಬಂದಿದಾನೆ ಕಣಮ್ಮ. ಕೆಳಗೆ ನಿಂತಿದಾನೆ. ಮೇಲೆ ಬರೋಕೆ ಧೈರ್ಯ ಇಲ್ಲ ಅವನಿಗೆ. ಕರೀಲಾ?"

ಅವಳು ಬಗ್ಗಿ ನೋಡಿದಳು. ಬೀಗದಣ್ಣ ಉರಿಬಿಸಿಲಿನಲ್ಲಿ, ಬರಿದಾದ ಸೊಂಟದ ಮೇಲೆ ಕೈಯಿಟ್ಟುಕೊಂಡು, ಮೇಲೆ ನೋಡುತ್ತ ನಿಂತಿದ್ದ. ಗೊಂಚಲು ಇನ್ನೊಂದು ಕೈಯಲ್ಲಿತ್ತು, ಯಾರಿಗೋ ಕೊಡಲು ಹಿಡಿದಂತೆ. ಅವಳು ಗಡಿಯಾರದತ್ತ ತಿರುಗಿದಳು. ನಾಲ್ಕು ಗಂಟೆಗೆ ಇನ್ನೂ ಐದು ನಿಮಿಷವಿತ್ತು.

"ಈಗ ಬೇಡ," ಎಂದಳು. "ಐದು ಗಂಟೆಗೆ ಕರೀರಿ."